ಮಿನಿಡಿವಿ ಟೇಪಿಗೆ ಲ್ಯಾಪ್‌ಟಾಪ್ ಕಾರ್ಡು

ಮಿನಿಡಿವಿ ಟೇಪಿನಲ್ಲಿರುವ ಮದುವೆ, ನಾಮಕರಣದ ದೃಶ್ಯಗಳು ಚಿತ್ರೀಕರಣದ ಹೊತ್ತಿಗೇ ಡಿಜಿಟಲ್ ಆಗಿರುತ್ತವೆ. ಕಂಪ್ಯೂಟರಿಗೆ ತರುವಾಗ ಅವನ್ನು ಮಾರ್ಪಡಿಸಬೇಕಿಲ್ಲ, ಇದ್ದದ್ದನ್ನು ಇದ್ದಂತೆ ನಕಲು ಮಾಡಿದರೆ ಸಾಕು. ಅದಕ್ಕಿರುವ ದಾರಿ ಫೈರ್‌ವೈರ್. ಸೋನಿ ಕ್ಯಾಮೆರಾಗಳ ಮೇಲೆ ಅದರ ಹೆಸರು ಐ-ಲಿಂಕ್. ಈ ಪೋರ್ಟ್ ಇಲ್ಲದ ಲ್ಯಾಪ್‌ಟಾಪಿಗೆ ಅದನ್ನು ಒದಗಿಸುವುದೇ ವಿಸ್ತರಣಾ ಕಾರ್ಡಿನ ಕೆಲಸ.

ಕಾರ್ಡು ಕೊಳ್ಳುವ ಮುಂಚೆ ಲ್ಯಾಪ್‌ಟಾಪಿನ ಪಕ್ಕದ ಸ್ಲಾಟನ್ನು ನೋಡಬೇಕು. ಹಳೆಯವುಗಳಲ್ಲಿ 54 ಮಿ.ಮೀ. ಅಗಲದ ಕಾರ್ಡ್‌ಬಸ್ ಸ್ಲಾಟ್ ಇರುತ್ತದೆ. ಕಾರ್ಡಿನ ತುದಿಯಲ್ಲಿ ಸಣ್ಣ ಉಬ್ಬುಗಳಿರುವ ಚಿನ್ನದ ಬಣ್ಣದ ಪಟ್ಟಿಯೇ ಅದರ ಗುರುತು. 2003ರಲ್ಲಿ ಬಂದ ಎಕ್ಸ್‌ಪ್ರೆಸ್‌ಕಾರ್ಡ್ ಹೆಚ್ಚಾಗಿ 34 ಮಿ.ಮೀ. ಅಗಲದ್ದು. ಒಂದರ ಸ್ಲಾಟಿನಲ್ಲಿ ಇನ್ನೊಂದು ಕೆಲಸ ಮಾಡದು. ವೇಗದ ಚಿಂತೆ ಮಾತ್ರ ಬೇಡ. ಡಿವಿ ಹರಿವು ಸೆಕೆಂಡಿಗೆ ಸುಮಾರು 3.6 ಎಂಬಿ, ಕಾರ್ಡ್‌ಬಸ್ಸಿನ ಗರಿಷ್ಠ ಸಾಮರ್ಥ್ಯ 133 ಎಂಬಿ. ದುಬಾರಿ ಫೈರ್‌ವೈರ್ 800 ಕಾರ್ಡಿಗೆ ಹಣ ಸುರಿದರೂ ಟೇಪು ಬೇಗ ಓಡುವುದಿಲ್ಲ. ಆ ದುಡ್ಡನ್ನು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಚಿಪ್ ಇರುವ ಕಾರ್ಡಿಗೆ ಕೊಡುವುದು ಜಾಣತನ. ಯುಎಸ್‌ಬಿಗೆ ಫೈರ್‌ವೈರ್ ಜೋಡಿಸುವುದಾಗಿ ಮಾರುವ ಅಗ್ಗದ ಕೇಬಲ್ಲುಗಳು ಪ್ಲಗ್ಗಿನ ಆಕಾರವನ್ನಷ್ಟೇ ಬದಲಿಸುತ್ತವೆ. ಎರಡರ ಭಾಷೆಯೇ ಬೇರೆಯಾದ್ದರಿಂದ ಅವು ಶುದ್ಧ ದಂಡ.

ಬಹುತೇಕ ಕ್ಯಾಮೆರಾಗಳದು ನಾಲ್ಕು ಪಿನ್ನಿನ ಪೋರ್ಟ್. ಅದರಲ್ಲಿ ವಿದ್ಯುತ್ ಹರಿಯದ ಕಾರಣ ಕಾರ್ಡಿಗೆ ಪ್ರತ್ಯೇಕ ಅಡಾಪ್ಟರ್ ಬೇಕಾಗದು. ಕ್ಯಾಮೆರಾ ಆಫ್ ಮಾಡಿ ಕೇಬಲ್ ಸಿಕ್ಕಿಸಿ, ಆಮೇಲೆ ಪ್ಲೇ ಸ್ಥಿತಿಗೆ ತಂದರೆ ವಿಂಡೋಸ್‌ನಲ್ಲಿ ವಿನ್‌ಡಿವಿ, ಲಿನಕ್ಸ್‌ನಲ್ಲಿ ಡಿವಿಗ್ರ್ಯಾಬ್ ನಕಲಿಸಿಕೊಳ್ಳುತ್ತವೆ. ಒಂದು ಗಂಟೆಯ ಟೇಪಿಗೆ ಪೂರ್ತಿ ಒಂದು ಗಂಟೆ, ಸುಮಾರು 13 ಜಿಬಿ ಜಾಗ ಬೇಕು. ಡಿಸ್ಕ್ ಎನ್‌ಟಿಎಫ್‌ಎಸ್ ಆಗಿರಲಿ. ಫ್ಯಾಟ್32ರಲ್ಲಿ ಒಂದು ಫೈಲು 4 ಜಿಬಿ ಮೀರುವಂತಿಲ್ಲ, ಸುಮಾರು 20 ನಿಮಿಷಕ್ಕೇ ಅದು ತುಂಬುತ್ತದೆ.

ಚಿತ್ರದಲ್ಲಿ ಚೌಕ ಚೌಕವಾದ ಕಲೆಗಳು ಕಂಡರೆ ಕಾರ್ಡನ್ನು ಬೈಯುವ ಮೊದಲು ಕ್ಯಾಮೆರಾದ ಪುಟ್ಟ ಪರದೆ ನೋಡಬೇಕು. ಅಲ್ಲೂ ಕಲೆಗಳಿದ್ದರೆ ಹೆಡ್ಡಿಗೆ ಕೊಳೆ ಹತ್ತಿದೆ ಅಥವಾ ಟೇಪೇ ಹಾಳಾಗಿದೆ. ಅಲ್ಲಿ ಚಿತ್ರ ಸ್ವಚ್ಛವಾಗಿದ್ದು ಫೈಲಿನಲ್ಲಿ ಮಾತ್ರ ಫ್ರೇಮುಗಳು ಜಿಗಿದರೆ ನಿಧಾನದ ಡಿಸ್ಕೋ ಹಿನ್ನೆಲೆಯಲ್ಲಿ ಓಡುವ ಬೇರೆ ತಂತ್ರಾಂಶವೋ ಕಾರಣ.

ವಿಎಚ್‌ಎಸ್ ಟೇಪು ಅನಲಾಗ್ ಆದ್ದರಿಂದ ನೇರವಾಗಿ ಬಾರದು. ಕೆಲವು ಡಿವಿ ಕ್ಯಾಮೆರಾಗಳು ವಿಸಿಆರ್‌ನ ಸಿಗ್ನಲ್ಲನ್ನು ಒಳಗೆ ತೆಗೆದುಕೊಂಡು, ಡಿವಿಯಾಗಿಸಿ ಅದೇ ಫೈರ್‌ವೈರ್ ಮೂಲಕ ಕಳುಹಿಸುತ್ತವೆ. ಹೈ8 ಟೇಪುಗಳಿಗೆ, ಅವನ್ನು ಓಡಿಸಬಲ್ಲ ಡಿಜಿಟಲ್8 ಕ್ಯಾಮೆರಾ ಸಿಕ್ಕರೆ ಆಯಿತು.