ಗೊಲ್ಗೊಥಾ: ನೋವು ಮಾಗುವ ಬಗೆ

ಕಷ್ಟವು ಮನುಷ್ಯನನ್ನು ಮಾಗಿಸುತ್ತದೆ ಎಂಬ ಮಾತು ಎಲ್ಲ ಧರ್ಮಗಳಲ್ಲಿಯೂ ಇದೆ. ಕ್ರೈಸ್ತ ಧರ್ಮದಲ್ಲಿ ಅದಕ್ಕೆ ಕೇಂದ್ರಸ್ಥಾನ, ಏಕೆಂದರೆ ಆ ಧರ್ಮದ ಗುರುತೇ ಒಂದು ಮರಣದಂಡನೆಯ ಸಾಧನ. ಆದರೆ ಈ ಮಾತನ್ನು ಯಾರು ಯಾರಿಗೆ ಹೇಳುತ್ತಾರೆ ಎಂಬುದರ ಮೇಲೆ ಅದರ ಅರ್ಥ ಬದಲಾಗುತ್ತದೆ. ನೊಂದವನು ತನ್ನ ಬಗ್ಗೆ ಹೇಳಿಕೊಂಡರೆ ಅದು ಅನುಭಾವ. ಉಂಡು ಕುಳಿತವನು ಹಸಿದವನಿಗೆ ಹೇಳಿದರೆ ಬರಿಯ ಉಪದೇಶ, ಕೆಲವೊಮ್ಮೆ ಅನ್ಯಾಯ. ಮಂಜೇಶ್ವರದ ಗೋವಿಂದ ಪೈಗಳ ಖಂಡಕಾವ್ಯ ‘ಗೊಲ್ಗೊಥಾ’ವನ್ನು ಈ ಪ್ರಶ್ನೆಯನ್ನಿಟ್ಟುಕೊಂಡು ನೋಡುವುದು ಇಲ್ಲಿನ ಉದ್ದೇಶ.

ಪೈಗಳು (1883–1963) ಕ್ರೈಸ್ತರಲ್ಲ. ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಓದಿ, ಪದವಿ ಪೂರೈಸದೆಯೇ ಊರಿಗೆ ಮರಳಿದವರು. 1911ರಷ್ಟು ಹಿಂದೆಯೇ ದ್ವಿತೀಯಾಕ್ಷರ ಪ್ರಾಸವನ್ನು ಬಿಟ್ಟು ಬರೆದ ಧೀರರು. 1927ರಲ್ಲಿ ಪತ್ನೀವಿಯೋಗವಾಯಿತು, 1930ರಲ್ಲಿ ‘ಗಿಳಿವಿಂಡು’ ಪ್ರಕಟವಾಯಿತು. ಈ ಎರಡನ್ನೂ ಜೋಡಿಸಿ, ಕವಿಯ ಮನೆಯ ದುಃಖವೇ ಶಿಲುಬೆಯ ಕಾವ್ಯವಾಯಿತು ಎಂದು ಹೇಳಿಬಿಡುವುದು ಸುಲಭ. ಆದರೆ ದುಃಖ ಎಲ್ಲರಿಗೂ ಬರುತ್ತದೆ, ಕಾವ್ಯ ಬರುವುದು ಕೆಲವರಿಗೆ ಮಾತ್ರ. ಆದ್ದರಿಂದ ಕೃತಿಯನ್ನು ಕೃತಿಯಾಗಿಯೇ ನೋಡುವುದು ಲೇಸು.

ಕಾವ್ಯದ ಪೂರ್ಣ ಹೆಸರು ‘ಗೊಲ್ಗೊಥಾ ಅಥವಾ ಯೇಸುವಿನ ಕಡೆಯ ದಿನ’. ಬುದ್ಧನನ್ನು ಕುರಿತ ‘ವೈಶಾಖಿ’ಗೂ ಹೀಗೆಯೇ ಕಡೆಯ ದಿನವೇ ವಸ್ತು. ಹುಟ್ಟಿನ ಸಂಭ್ರಮ, ಪವಾಡಗಳ ಸಾಲು, ಪುನರುತ್ಥಾನದ ಬೆಳಗು ಇವೆಲ್ಲ ಕೈಗೆಟಕುವಂತಿದ್ದರೂ ಕವಿ ಆರಿಸಿಕೊಂಡದ್ದು ಒಂದೇ ಒಂದು ದಿನವನ್ನು. ಇದು ಅರ್ಥಪೂರ್ಣ ಆಯ್ಕೆ. ಮೂರನೆಯ ದಿನದ ಗೆಲುವನ್ನು ಮೊದಲೇ ಕೈಯಲ್ಲಿ ಹಿಡಿದುಕೊಂಡರೆ ಶುಕ್ರವಾರದ ನೋವು ಹಗುರವಾಗುತ್ತದೆ, ಅದು ಬಹುಮಾನಕ್ಕೆ ಮುಂಚಿನ ಪರೀಕ್ಷೆಯಂತೆ ಕಾಣುತ್ತದೆ. ಒಂದು ದಿನದೊಳಗೆ ನಮ್ಮನ್ನು ನಿಲ್ಲಿಸಿದಾಗ ಆ ಸೌಲಭ್ಯ ಓದುಗನಿಗಿಲ್ಲ. ಪೈಗಳ ಹಳಗನ್ನಡ ಬೆರೆತ ಬಿಗಿಯಾದ ಭಾಷೆಯೂ ಓಡಲು ಬಿಡುವುದಿಲ್ಲ. ಕಲ್ಲುದಾರಿಯಲ್ಲಿ ಭಾರ ಹೊತ್ತವನ ಹಿಂದೆ ನಡೆದಂತೆ, ಹೆಜ್ಜೆ ಹೆಜ್ಜೆಗೂ ನಿಂತು ನಡೆಯಬೇಕು.

ಆ ದಿನದ ಕಥೆಯನ್ನು ಸುವಾರ್ತೆಗಳು ಹೇಗೆ ಹೇಳುತ್ತವೆ ಎಂಬುದನ್ನು ನೆನೆಯೋಣ. ಅಲ್ಲಿ ಯೇಸು ನೋವನ್ನು ಹೊಗಳುವುದಿಲ್ಲ. ಹಿಂದಿನ ರಾತ್ರಿ ತೋಟದಲ್ಲಿ, ಸಾಧ್ಯವಾದರೆ ಇದು ತಪ್ಪಲಿ ಎಂದು ಬೇಡುತ್ತಾನೆ. ಶಿಲುಬೆಯ ಮೇಲೆ, ದೇವರೇ ತನ್ನ ಕೈಬಿಟ್ಟನೆಂದು ಕೂಗುತ್ತಾನೆ. ಹಾಗಾದರೆ ಮಾಗುವಿಕೆ ಎಲ್ಲಿದೆ? ನೋವಿನ ನಡುವೆಯೂ ಆತನ ಗಮನ ತನ್ನಿಂದಾಚೆ ಹೋಗುವಲ್ಲಿದೆ. ಮೊಳೆ ಹೊಡೆದವರಿಗಾಗಿ ಕ್ಷಮೆ ಬೇಡುತ್ತಾನೆ, ಪಕ್ಕದ ಕಳ್ಳನಿಗೆ ಭರವಸೆ ಕೊಡುತ್ತಾನೆ, ತಾಯಿಯನ್ನು ಶಿಷ್ಯನಿಗೆ ಒಪ್ಪಿಸುತ್ತಾನೆ. ಇನ್ನೊಂದು ವಿಷಯವನ್ನು ನಾವು ಮರೆಯುತ್ತೇವೆ. ಶಿಲುಬೆಯನ್ನು ಕೊನೆಯವರೆಗೆ ಅವನೊಬ್ಬನೇ ಹೊರಲಿಲ್ಲ. ಕುರೇನೆಯ ಸೀಮೋನ ಎಂಬ ದಾರಿಹೋಕ, ಪರಊರಿನವ, ಹೆಗಲು ಕೊಡಬೇಕಾಯಿತು. ಒಬ್ಬನ ಕಷ್ಟ ಇನ್ನೊಬ್ಬನ ಹೆಗಲನ್ನು ಕೇಳುತ್ತದೆಂಬ ಸತ್ಯ ಈ ಕಥೆಯಲ್ಲೇ ಇದೆ.

ಮಲೆಯಾಳದ ಮಹಾಕವಿ ವಳ್ಳತ್ತೋಳರ (1878–1958) ‘ಮಗ್ದಲನ ಮರಿಯಂ’ (1921) ಇದರ ಪಕ್ಕದಲ್ಲಿಟ್ಟು ನೋಡಬೇಕಾದ ಕೃತಿ. ಅವರೂ ಕ್ರೈಸ್ತರಲ್ಲ. ಯೌವನದಲ್ಲಿಯೇ ಕಿವಿ ಕೇಳದಂತಾಗಿ, ಆ ಸಂಕಟವನ್ನು ‘ಬಧಿರವಿಲಾಪಂ’ ಎಂಬ ಕೃತಿಯಲ್ಲಿ ತೋಡಿಕೊಂಡವರು. ಮರಿಯಳ ಕಾವ್ಯಕ್ಕೆ ಅವರು ‘ಪಶ್ಚಾತ್ತಾಪ’ ಎಂಬ ಇನ್ನೊಂದು ಹೆಸರನ್ನೂ ಕೊಟ್ಟರು. ಮೂಲಕಥೆ ಲೂಕನ ಸುವಾರ್ತೆಯ ಏಳನೆಯ ಅಧ್ಯಾಯದ್ದು: ಊರು ಜರೆದ ಹೆಣ್ಣೊಬ್ಬಳು ಕಣ್ಣೀರಿನಿಂದ ಯೇಸುವಿನ ಪಾದ ತೊಳೆಯುತ್ತಾಳೆ. ಆತಿಥ್ಯ ನೀಡಿದ ಫರಿಸಾಯ ಮೂಗು ಮುರಿಯುತ್ತಾನೆ. ಆಗ ಯೇಸು ಹೇಳುವುದು ಸಾಲದ ದೃಷ್ಟಾಂತ. ಒಬ್ಬನಿಗೆ 500 ನಾಣ್ಯದ ಸಾಲ, ಇನ್ನೊಬ್ಬನಿಗೆ 50. ಧಣಿ ಇಬ್ಬರದನ್ನೂ ಮನ್ನಾ ಮಾಡಿದರೆ ಯಾರಿಗೆ ಪ್ರೀತಿ ಹೆಚ್ಚು? ದಿನವೂ ಸಾಲದ ಖಾತೆಗಳ ನಡುವೆ ಕೂರುವ ನನ್ನಂಥವನಿಗೆ ಈ ಕಥೆ ಚೆನ್ನಾಗಿ ತಿಳಿಯುತ್ತದೆ. ನಾವು ಸಾಮಾನ್ಯವಾಗಿ ಕಷ್ಟವನ್ನು ಠೇವಣಿ ಎಂದು ಭಾವಿಸುತ್ತೇವೆ: ಇಂದು ಇಟ್ಟರೆ ನಾಳೆ ಪುಣ್ಯದ ಬಡ್ಡಿ. ಲೂಕನ ಕಥೆ ಆ ಲೆಕ್ಕವನ್ನೇ ಮುರಿಯುತ್ತದೆ. ಆ ಹೆಣ್ಣು ಬೆಳೆದದ್ದು ಅನುಭವಿಸಿದ ಅವಮಾನದ ಮೊತ್ತದಿಂದಲ್ಲ, ಮನ್ನಾ ಆದ ಸಾಲದ ಅರಿವಿನಿಂದ. ವಳ್ಳತ್ತೋಳರು ಆರಿಸಿಕೊಂಡದ್ದು ಕಣ್ಣೀರನ್ನು, ಪೈಗಳು ನೆತ್ತರನ್ನು. ಎರಡೂ ಕೊನೆಗೆ ಮುಟ್ಟುವುದು ಕ್ಷಮೆಯನ್ನೇ.

ಇವರಿಬ್ಬರಿಗೂ ಮೊದಲು ದಾರಿ ಸವೆಸಿದವರನ್ನು ನೆನೆಯಬೇಕು. ಬಾಸೆಲ್ ಮಿಷನ್ನಿನ ಕಿಟ್ಟೆಲ್ 1862ರಲ್ಲಿ ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಕಥೆಯನ್ನು ಕನ್ನಡ ಛಂದಸ್ಸಿಗೆ ತಂದರು. ಅದೇ ಮಿಷನ್ನಿನ ಗುಂಡರ್ಟ್ 1872ರಲ್ಲಿ ಮಲೆಯಾಳ ನಿಘಂಟನ್ನೂ ಕಿಟ್ಟೆಲ್ 1894ರಲ್ಲಿ ಕನ್ನಡ ನಿಘಂಟನ್ನೂ ಕೊಟ್ಟರು. ನಮ್ಮ ಎರಡು ಭಾಷೆಗಳೂ ಒಂದೇ ಬಗೆಯ ದುಡಿಮೆಯ ಋಣದಲ್ಲಿವೆ.

ಪೌಲನು ರೋಮಿನವರಿಗೆ ಬರೆದ ಪತ್ರದ ಐದನೆಯ ಅಧ್ಯಾಯದಲ್ಲಿ ಕಷ್ಟದಿಂದ ತಾಳ್ಮೆ, ತಾಳ್ಮೆಯಿಂದ ಗುಣದಾರ್ಢ್ಯ, ಅದರಿಂದ ನಿರೀಕ್ಷೆ ಎಂಬ ಸರಪಳಿಯಿದೆ. ಇದನ್ನು ಬರೆದವನು ಏಟು, ಸೆರೆಮನೆ ಎರಡನ್ನೂ ಕಂಡವನು. ಅದೇ ಬೈಬಲ್ಲಿನ ಯೋಬನ ಕಥೆಯಲ್ಲಿ, ಹೊರಗೆ ಕುಳಿತು ನೋವಿಗೆ ಕಾರಣ ವಿವರಿಸಿದ ಸ್ನೇಹಿತರನ್ನು ದೇವರೇ ಗದರಿಸುತ್ತಾನೆ. ಎರಡನ್ನೂ ಕೂಡಿಸಿ ಓದದಿದ್ದರೆ ಅಪಾಯ.

ಈ ಅಪಾಯ ನಮಗೆ ದೂರದ್ದಲ್ಲ. ಸಾಂಗಲಿ ಜಿಲ್ಲೆಯ ಜತ್ತ ತಾಲೂಕು ಬರದ ಸೀಮೆ. ನಮ್ಮ ತಿಕೋಂಡಿಯಂಥ ಹಳ್ಳಿಗಳಲ್ಲಿ ಮನೆಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಇದೇ ತಾಲೂಕಿನ ಗುಡ್ಡಾಪುರದ ದಾನಮ್ಮದೇವಿಯ ಜಾತ್ರೆಗೆ ಭಕ್ತರು ಪಾದಯಾತ್ರೆ ಬರುತ್ತಾರೆ. ಅದು ಭಕ್ತಿಯಿಂದ ತಾವೇ ಆರಿಸಿಕೊಂಡ ಕಷ್ಟ. ಅದರಿಂದ ಮನಸ್ಸು ಹದಗೊಳ್ಳುವುದು ನಿಜ. ಆದರೆ ಹೆಣ್ಣುಮಕ್ಕಳು ಬಿಸಿಲಲ್ಲಿ ಕೊಡ ಹೊತ್ತು ನಡೆಯುವುದು ಯಾತ್ರೆಯಲ್ಲ. ಅದನ್ನೂ ತಪಸ್ಸೆಂದು ಕರೆದರೆ ನಾವು ಯೋಬನ ಸ್ನೇಹಿತರಾಗುತ್ತೇವೆ. 2022ರ ಕೊನೆಯ ಹೊತ್ತಿಗೆ ಕರ್ನಾಟಕದ ತುಬಚಿ–ಬಬಲೇಶ್ವರ ಏತ ನೀರಾವರಿಯ ನೀರು ಗಡಿ ದಾಟಿ ತಿಕೋಂಡಿಯ ಕೆರೆಗೆ ಬಂತು. ಅದನ್ನು ತಂದದ್ದು ಬರಿಯ ತಾಳ್ಮೆಯಲ್ಲ. ಪಂಪು, ಕಾಲುವೆ, ಮತ್ತು ಸುಮ್ಮನಿರದೆ ನೀರು ಕೇಳಿದ ಜನ. ಸೀಮೋನನ ಹೆಗಲೆಂದರೆ ಇಂಥದ್ದೇ.

ಭಾಷೆಯ ವಿಷಯಕ್ಕೂ ಇದೇ ಮಾತು ಸಲ್ಲುತ್ತದೆ. 1956ರ ನಂತರ ಕಾಸರಗೋಡು, ಜತ್ತ ಎರಡೂ ಕಡೆಯ ಕನ್ನಡಿಗರು ಪರರಾಜ್ಯದ ಅಲ್ಪಸಂಖ್ಯಾತರಾಗಿ ಬದುಕುತ್ತಿದ್ದೇವೆ. ನೊಂದವರು ನಾವೆಂಬುದೇ ಒಂದು ಹಿರಿಮೆಯಾಗಿ, ಅದರಲ್ಲೇ ತೃಪ್ತಿಪಡುವ ಗುಣ ನಮ್ಮ ಸಭೆ ಸಮ್ಮೇಳನಗಳಲ್ಲಿ ಕಾಣುತ್ತದೆ. ನೋವು ಇನ್ನೊಬ್ಬರ ಕಡೆ ತಿರುಗದಿದ್ದರೆ ಅದು ಮಾಗುವುದಿಲ್ಲ, ಹುಳಿಯಾಗುತ್ತದೆ. ಗಡಿಯ ಮಂಜೇಶ್ವರದಲ್ಲಿ ಕುಳಿತ ಕವಿ ತನ್ನದಲ್ಲದ ಧರ್ಮದ, ತನ್ನದಲ್ಲದ ದೇಶದ ಒಬ್ಬನ ಕಡೆಯ ದಿನವನ್ನು ಕನ್ನಡದ ಹೆಗಲ ಮೇಲೆ ಹೊತ್ತದ್ದು ಅದಕ್ಕೇ ದೊಡ್ಡದು.

ಕೃತಿಗೆ ಮಿತಿಯೂ ಇದೆ. ಓದುಗನನ್ನು ನಿಧಾನಗೊಳಿಸುವ ಅದೇ ಭಾಷೆ ಅನೇಕರನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ. ಮರಾಠಿ ಅಥವಾ ಮಲೆಯಾಳ ಮಾಧ್ಯಮದಲ್ಲಿ ಓದುವ ನಮ್ಮ ಮಕ್ಕಳಿಗಂತೂ ಅರ್ಥಕೋಶವಿಲ್ಲದೆ ಇದು ತೆರೆಯದು. ಪದಾರ್ಥ, ಭಾವಾರ್ಥ ಸಹಿತವಾದ ಸಣ್ಣ ಪುಸ್ತಕವೊಂದು ಮನೆಗಳಿಗೆ ಬೇಕು. ಜೊತೆಗೆ ವಳ್ಳತ್ತೋಳರ ಕಾವ್ಯದ ಸರಳ ಗದ್ಯಾನುವಾದವೂ ಇರಲಿ. ಶುಭಶುಕ್ರವಾರದಂದು ಮನೆಯ ಹಿರಿಯರು ಕೆಲವು ಪುಟಗಳನ್ನು ಗಟ್ಟಿಯಾಗಿ ಓದಿ ಅರ್ಥ ಹೇಳಿದರೆ, ಮಕ್ಕಳು ಯಾವ ಮತದವರಾದರೂ, ಈ ಕಾವ್ಯ ನಮ್ಮ ನಡುವೆ ಬದುಕೀತು.