ಡಿಜಿಟಲ್ ಆದ ಮಾತ್ರಕ್ಕೆ ಸ್ಪಷ್ಟವೇ?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಹಳ್ಳಿಗಳಲ್ಲಿ ರಾತ್ರಿಯಿಡೀ ನಡೆಯುವ ‘ಕುರುಕ್ಷೇತ್ರ’ ನಾಟಕವನ್ನು ವಿಡಿಯೊ ಮಾಡಿಸುವುದು ಹಳೆಯ ರೂಢಿ. ಮೊದಲು ಅದು ವಿ.ಎಚ್.ಎಸ್. ಕ್ಯಾಸೆಟ್ಟಿನಲ್ಲಿರುತ್ತಿತ್ತು. 2000ದ ನಂತರ ಅನೇಕರು ಅದನ್ನು ವಿಸಿಡಿಗೆ ಹಾಕಿಸಿ ಕ್ಯಾಸೆಟ್ಟನ್ನು ಎಸೆದರು. ಡಿಜಿಟಲ್ ಆದಮೇಲೆ ಹಳೆಯದೇಕೆ ಎಂಬುದು ಅವರ ವಾದ. ಈ ವಾದ ಸರಿಯಲ್ಲ.

ಕ್ಯಾಸೆಟ್ಟಿನ ಚಿತ್ರ ತೀರಾ ಸ್ಪಷ್ಟವೇನಲ್ಲ, ನಿಜ. ಆದರೆ ನಮ್ಮ ದೇಶದ ಪಾಲ್ ಪದ್ಧತಿಯಲ್ಲಿ ಅದು ಸೆಕೆಂಡಿಗೆ 50 ಅರೆಚಿತ್ರಗಳನ್ನು ದಾಖಲಿಸುತ್ತದೆ. ವಿಸಿಡಿಗೆ ಹಾಕುವಾಗ ಉಳಿಯುವುದು 352 × 288 ಪಿಕ್ಸೆಲ್‌ಗಳ 25 ಚಿತ್ರಗಳು ಮಾತ್ರ. ಚಲನೆಯ ಅರ್ಧ ವಿವರ ಅಲ್ಲಿಗೇ ಹೋಯಿತು.

ಉಳಿದುದಕ್ಕೂ ಜಾಗ ಸಾಲದು. ಪ್ರತಿ ಪಿಕ್ಸೆಲ್‌ಗೆ ಸರಾಸರಿ 12 ಬಿಟ್‌ನಂತೆ ಗುಣಿಸಿ ನೋಡಿ: ಸೆಕೆಂಡಿಗೆ ಸುಮಾರು 30 ಮೆಗಾಬಿಟ್ ಆಗುತ್ತದೆ. ವಿಸಿಡಿಯಲ್ಲಿ ಚಿತ್ರಕ್ಕೆ ಮೀಸಲಾದದ್ದು 1.15 ಮೆಗಾಬಿಟ್, ಅಂದರೆ 26ರಲ್ಲಿ ಒಂದು ಪಾಲು.

ಇದನ್ನು ಸಾಧಿಸುವುದು ಹೇಗೆ? ಚಿತ್ರವನ್ನು 8 × 8 ಪಿಕ್ಸೆಲ್‌ಗಳ ಚೌಕಗಳಾಗಿ ವಿಭಜಿಸಿ, ಪ್ರತಿ ಚೌಕವನ್ನೂ ಕೊಸೈನ್ ಅಲೆಗಳ ಮೊತ್ತವಾಗಿ ಬರೆಯುತ್ತಾರೆ. ಡಿಸಿಟಿ ಎಂಬ ಈ ವಿಧಾನವನ್ನು ಬೆಂಗಳೂರಿನಲ್ಲಿ ಹುಟ್ಟಿ ಅಲ್ಲಿಯೇ ಎಂಜಿನಿಯರಿಂಗ್ ಓದಿದ ನಾಸಿರ್ ಅಹ್ಮದ್ ಅವರು ಟಿ. ನಟರಾಜನ್ ಮತ್ತು ಕೆ.ಆರ್. ರಾವ್ ಅವರೊಡನೆ 1974ರಲ್ಲಿ ಪ್ರಕಟಿಸಿದರು. (ನಮ್ಮ ಪಠ್ಯಪುಸ್ತಕಗಳಲ್ಲಿ ಈ ಹೆಸರು ಕಾಣಬೇಕಿತ್ತು.) ದೋಷ ಈ ಗಣಿತದ್ದಲ್ಲ. ಅಲೆಗಳ ಗುಣಾಂಕಗಳನ್ನು ಎಷ್ಟು ಒರಟಾಗಿ ದುಂಡಗೆ ಮಾಡುತ್ತೇವೆ ಎಂಬುದರಲ್ಲಿ ನಷ್ಟವಿದೆ. ಬಿಟ್‌ಗಳು ಕಡಿಮೆಯಾದಷ್ಟೂ ಒರಟುತನ ಹೆಚ್ಚು.

ಆದ್ದರಿಂದಲೇ ಶ್ರೀಕೃಷ್ಣ ನಿಂತು ಕಂದ ಹಾಡುವಾಗ ವಿಸಿಡಿ ಚಿತ್ರ ಚೆನ್ನಾಗಿಯೇ ಇರುತ್ತದೆ. ಹಿಂದಿನ ಪರದೆ ಬದಲಾಗದು, ಹಳೆಯ ಚೌಕಗಳನ್ನೇ ಮತ್ತೆ ಬಳಸಿದರಾಯಿತು. ಭೀಮ, ದುರ್ಯೋಧನರು ಗದೆ ಬೀಸಿದೊಡನೆ ಮಿಂಚುವ ಉಡುಪು, ಕಿರೀಟ ಎಲ್ಲವೂ ಚೌಕ ಚೌಕವಾಗಿ ಒಡೆಯುತ್ತವೆ. ಹಳೆಯ ಕ್ಯಾಸೆಟ್ಟಿನ ಕಾಳು ಕಾಳು ಗದ್ದಲವಂತೂ ಪ್ರತಿ ಚಿತ್ರದಲ್ಲೂ ಹೊಸದು. ಮುಖಕ್ಕೆ ಸಲ್ಲಬೇಕಾದ ಬಿಟ್‌ಗಳನ್ನು ಅದೇ ತಿಂದುಹಾಕುತ್ತದೆ.

ಹಾಗಾದರೆ ಡಿವಿಡಿ? 720 × 576 ಪಿಕ್ಸೆಲ್, ಗರಿಷ್ಠ 9.8 ಮೆಗಾಬಿಟ್, ಗುಣಮಟ್ಟ ನಿಜಕ್ಕೂ ಉತ್ತಮ. ಆದರೆ ಸಂತೆಯಲ್ಲಿ ‘ಐದು ಚಿತ್ರ, ಒಂದೇ ಡಿವಿಡಿ’ ಎಂದು ಮಾರುತ್ತಿದ್ದುದು ನೆನಪಿದೆಯೇ? ತಲಾ ಎರಡೂವರೆ ಗಂಟೆಯ ಐದು ಚಿತ್ರಗಳನ್ನು 4.7 ಗಿಗಾಬೈಟಿಗೆ ತುರುಕಿದರೆ ಧ್ವನಿಯೂ ಸೇರಿ ಸೆಕೆಂಡಿಗೆ 0.84 ಮೆಗಾಬಿಟ್ ಸಿಗುತ್ತದೆ. ಇದು ವಿಸಿಡಿಗಿಂತಲೂ ಕಡಿಮೆ! ತಟ್ಟೆಯ ಹೆಸರು ನೋಡಿ ಗುಣಮಟ್ಟ ಅಳೆಯುವಂತಿಲ್ಲ. ವಿಸಿಡಿಯಿಂದ ಡಿವಿಡಿಗೆ ನಕಲು ಮಾಡಿದರೂ ಕಳೆದುಹೋದ ವಿವರ ಮರಳಿ ಬಾರದು.

ತರಗತಿಯಲ್ಲಿ ಇದನ್ನು ಪರೀಕ್ಷಿಸುವುದು ಸುಲಭ. ಒಂದೇ ಮೊಬೈಲಿನಿಂದ ಬರಿಯ ಆಕಾಶದ ಒಂದು ಫೋಟೊ, ಹೊಂಗೆ ಮರದ ಎಲೆಗಳ ಒಂದು ಫೋಟೊ ತೆಗೆದು ಫೈಲ್‌ಗಳ ಗಾತ್ರ ಹೋಲಿಸಿ. ಜೆಪೆಗ್ ಫೋಟೊಗಳಲ್ಲಿಯೂ ಇದೇ ಡಿಸಿಟಿ ಇದೆ.

ಎಸೆಯದೆ ಉಳಿದ ಕ್ಯಾಸೆಟ್ಟುಗಳು ಇನ್ನೂ ಕೆಲವರ ಮನೆಯ ಅಟ್ಟದಲ್ಲಿರಬಹುದು. ಅವನ್ನು ಈಗ ಡಿಜಿಟಲ್ ಮಾಡಿಸುವವರು 50 ಅರೆಚಿತ್ರಗಳನ್ನೂ ಉಳಿಸಿ, ಧಾರಾಳವಾಗಿ ಬಿಟ್ ಕೊಡುವಂತೆ ಕೇಳಬೇಕು. ವಾಟ್ಸ್ಆ್ಯಪ್‌ನಲ್ಲಿ ಬಂದ ಪ್ರತಿಯನ್ನು ಮೂಲವೆಂದು ಇಟ್ಟುಕೊಳ್ಳಬಾರದು. ಅದು ಇನ್ನೊಮ್ಮೆ ಹಿಂಡಿದ್ದು. ತಡಮಾಡುವಂತೆಯೂ ಇಲ್ಲ. ವಿ.ಎಚ್.ಎಸ್. ಪ್ಲೇಯರ್ ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರಲ್ಲೇ ಅದನ್ನು ನಿಲ್ಲಿಸಿತು.