ಮುಹೂರ್ತದಿಂದ ಹಿಂದಕ್ಕೆ ಎಣಿಸುವ ಸಿಂಗಾರ

ಲಗ್ನಪತ್ರಿಕೆಯಲ್ಲಿ ಅಚ್ಚಾಗುವ ಸಂಗತಿಗಳಲ್ಲಿ ಯಾರೂ ಕದಲಿಸಲಾಗದ್ದು ಮುಹೂರ್ತದ ವೇಳೆ ಒಂದೇ. ಊಟದ ಪಟ್ಟಿಯನ್ನು ತಿದ್ದಬಹುದು, ಓಲಗದವರು ಬದಲಾಗಬಹುದು, ಕಡೆಗೆ ಛತ್ರವನ್ನೂ ಬೇರೆ ಮಾಡಿಕೊಳ್ಳಬಹುದು. ಆದರೆ ಪುರೋಹಿತರು ಪಂಚಾಂಗ ನೋಡಿ ಗೊತ್ತುಮಾಡಿದ ಲಗ್ನಕ್ಕೆ ಮದುಮಗಳು ಹಸೆಮಣೆಯ ಬಳಿ ಇರಲೇಬೇಕು. ಆದಕಾರಣ ಮದುಮಗಳ ಸಿಂಗಾರದ ಯೋಜನೆಯು ಲಗ್ನದ ಗಳಿಗೆಯಿಂದ ಹಿಂದಕ್ಕೆ ಇಳಿಯುವ ಎಣಿಕೆಯಾಗಿರಬೇಕು. ಯಾವುದನ್ನು ಎಂದು ಶುರುಮಾಡಬೇಕು ಎನ್ನುವುದಕ್ಕಿಂತ ಯಾವುದನ್ನು ಎಂದು ನಿಲ್ಲಿಸಬೇಕು ಎನ್ನುವುದೇ ಆ ಎಣಿಕೆಯ ಸಾರ.

ಈ ಕೆಲಸಕ್ಕೆ ಬೇಕಾದ ಕಸುಬುಗಳೆಲ್ಲ ಬೆಂಗಳೂರಿನ ಹನುಮಂತನಗರದವರಿಗೆ ಕಾಲ್ನಡಿಗೆಯ ದೂರದಲ್ಲೇ ಇವೆ. ಐವತ್ತು ಅಡಿ ರಸ್ತೆಯ ಆಸುಪಾಸಿನ ಬ್ಯೂಟಿ ಪಾರ್ಲರುಗಳು ಮತ್ತು ರವಿಕೆ ಹೊಲಿಯುವ ದರ್ಜಿಗಳು, ಅಡ್ಡರಸ್ತೆಗಳಲ್ಲಿ ಮನೆಯಲ್ಲೇ ಕುಳಿತು ಸೀರೆಗೆ ಕುಚ್ಚು ಕಟ್ಟಿಕೊಡುವ ಗೃಹಿಣಿಯರು, ಸೀಗೆಕಾಯಿಯಿಂದ ಬಾಸಿಂಗದವರೆಗೆ ಎಲ್ಲವನ್ನೂ ಇಟ್ಟುಕೊಂಡಿರುವ ಗ್ರಂಥಿಗೆ ಅಂಗಡಿಗಳು, ಗವಿಪುರ ದಾಟಿ ಮುಂದೆ ಹೋದರೆ ಗಾಂಧಿಬಜಾರಿನ ಹೂವಿನ ಸಾಲು, ಎಲ್ಲವೂ ಹತ್ತಿರ. ಆದರೆ ಹತ್ತಿರವಿದೆಯೆಂಬ ನೆಮ್ಮದಿಯೇ ಎಷ್ಟೋ ಮನೆಗಳಲ್ಲಿ ತಡಕ್ಕೆ ಕಾರಣವಾಗುತ್ತದೆ. ಆಷಾಢದಲ್ಲಿಯೂ ಧನುರ್ಮಾಸದಲ್ಲಿಯೂ ಮದುವೆ ಮಾಡದ ವಾಡಿಕೆಯಿರುವುದರಿಂದ ಮುಹೂರ್ತಗಳೆಲ್ಲ ಉಳಿದ ತಿಂಗಳುಗಳ ಕೆಲವೇ ದಿನಗಳಲ್ಲಿ ಒತ್ತಾಗಿ ಬೀಳುತ್ತವೆ, ಅದೇ ಬೆಳಗಿನ ಅದೇ ಹೊತ್ತಿಗೆ ಒಂದೇ ಬಡಾವಣೆಯ ನಾಲ್ಕಾರು ಮದುವೆ ಮನೆಗಳಿಗೆ ಅದೇ ಮೇಕಪ್ ಕಲಾವಿದೆ, ಅದೇ ಹೂವಾಡಿಗರು ಬೇಕಾಗುತ್ತಾರೆ. ಶ್ರಾವಣದಲ್ಲಿ ಮದುವೆ ಇಟ್ಟುಕೊಂಡವರು ಕಸುಬಿನವರಿಗೆ ಬಿಡುವಿರುವ ಆಷಾಢದಲ್ಲೇ ಎಲ್ಲರನ್ನೂ ಗೊತ್ತುಮಾಡಿಕೊಂಡು, ಟ್ರಯಲ್ ಎಂದು ಕರೆಯುವ ಪರೀಕ್ಷಾ ಸಿಂಗಾರವನ್ನೂ ಅದೇ ತಿಂಗಳಲ್ಲಿ ಮುಗಿಸಿಕೊಳ್ಳುವುದು ಜಾಣತನ.

ಸಿಂಗಾರಕ್ಕೆ ಕ್ರಮವಿದೆಯೆಂಬ ಅರಿವು ಈ ನಾಡಿಗೆ ಹೊಸದೇನಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ಅರಸನ ಭೋಗಗಳನ್ನು ಹೇಳುವಾಗ ಸ್ನಾನ, ವಿಲೇಪನ ಎಂದರೆ ಗಂಧಾದಿಗಳ ಲೇಪ, ವಸ್ತ್ರ, ಮಾಲ್ಯ ಎಂದರೆ ಹೂವು, ಭೂಷಣ ಎಂದು ಒಂದೊಂದನ್ನೂ ಬೇರೆಬೇರೆ ಪ್ರಕರಣವಾಗಿ ವಿವರಿಸುತ್ತದೆ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇಗುಲದ ದರ್ಪಣಸುಂದರಿಯು ಕೈಯಲ್ಲಿ ಕನ್ನಡಿ ಹಿಡಿದು ನಿಂತಿರುವುದು ಇವೆಲ್ಲ ಮುಗಿದ ಮೇಲಿನ ಗಳಿಗೆಯಲ್ಲಿ. ಅವಳ ಮುಖದಲ್ಲಿ ಅವಸರದ ಗುರುತಿಲ್ಲ.

ಎಣಿಕೆಯಲ್ಲಿ ಎಲ್ಲಕ್ಕಿಂತ ಹಿಂದಕ್ಕೆ ಹೋಗಬೇಕಾದದ್ದು ಚರ್ಮದ ಆರೈಕೆ. ಚರ್ಮದ ಹೊರಪದರದ ಜೀವಕೋಶಗಳು ತಳದಲ್ಲಿ ಹುಟ್ಟಿ ಮೇಲಕ್ಕೆ ಬಂದು ಉದುರಲು ಸುಮಾರು 4 ವಾರ ಬೇಕಾಗುವುದರಿಂದ, ಯಾವುದೇ ಆರೈಕೆಯ ಫಲ ಕಾಣಲು ಎರಡು ಮೂರು ತಿಂಗಳ ಕಾಲ ಕೊಡಬೇಕು. ಮೊಡವೆ, ಕಲೆ, ಕೂದಲುದುರುವಿಕೆಗಳಿಗೆ ಚರ್ಮವೈದ್ಯರನ್ನು ಕಾಣುವುದಿದ್ದರೆ ಆರು ತಿಂಗಳ ಮೊದಲೇ ಕಾಣಬೇಕು. ಹೊಸ ಕ್ರೀಮಾಗಲಿ, ಕೂದಲ ಬಣ್ಣವಾಗಲಿ, ಮೊದಲು ಮೊಳಕೈಯ ಒಳಮಗ್ಗುಲಲ್ಲಿ ಸ್ವಲ್ಪ ಹಚ್ಚಿ 48 ಗಂಟೆ ಕಾದು ನೋಡಬೇಕು. ಹೀಗೆ ಪರೀಕ್ಷಿಸಿದ್ದನ್ನು ಕೂಡ ಮದುವೆಗೆ ಕೊನೆಯ 15 ದಿನಗಳಲ್ಲಿ ಹೊಸದಾಗಿ ಶುರುಮಾಡಬಾರದು. ರೂಢಿಯಿರುವ ಫೇಶಿಯಲ್ಲನ್ನು ವಾರ ಹತ್ತು ದಿನ ಮೊದಲೇ ಮುಗಿಸಬೇಕು, ವ್ಯಾಕ್ಸಿಂಗು ಮತ್ತು ಹುಬ್ಬಿನ ಥ್ರೆಡಿಂಗನ್ನು ಮೂರು ನಾಲ್ಕು ದಿನ ಮೊದಲು ಮಾಡಿಸಿದರೆ ಚರ್ಮದ ಕೆಂಪು ಇಳಿಯಲು ಸಮಯ ಸಿಗುತ್ತದೆ.

ಇಲ್ಲಿ ಒಂದು ಅಪಾಯವನ್ನು ಬಿಡಿಸಿ ಹೇಳಲೇಬೇಕು. ಮದುವೆ ಗೊತ್ತಾದೊಡನೆ ನೆಂಟರಲ್ಲಿ ಯಾರೋ ಒಬ್ಬರು ಹೆಸರು ಹೇಳಿ, ಔಷಧದ ಅಂಗಡಿಯಿಂದ ತರಿಸಿ, ಬೆಳ್ಳಗಾಗಲೆಂದು ಹಚ್ಚಿಸುವ ಎಷ್ಟೋ ಮುಲಾಮುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಅದು ಮೊದಲ ವಾರಗಳಲ್ಲಿ ಮುಖವನ್ನು ತಿಳಿಯಾಗಿಸಿದಂತೆ ತೋರಿದರೂ ಮುಂದೆ ಚರ್ಮವನ್ನು ತೆಳುವಾಗಿಸಿ, ರಕ್ತನಾಳಗಳು ಕಾಣುವಂತೆ ಮಾಡಿ, ಹಚ್ಚುವುದನ್ನು ಬಿಟ್ಟೊಡನೆ ಉರಿ, ಕೆಂಪು, ಮೊಡವೆಗಳನ್ನು ಏಳಿಸುತ್ತದೆ. ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಮಾಡಿದ್ದು ಈ ಕಾರಣಕ್ಕೇ. ಮೈಬಣ್ಣವನ್ನು ಬದಲಾಯಿಸುವುದು ಸಿಂಗಾರದ ಕೆಲಸವಲ್ಲ. ಎಣ್ಣೆಗೆಂಪಿನ ಹುಡುಗಿಯ ಮುಖಕ್ಕೆ ಎರಡು ಛಾಯೆ ಬಿಳಿಯ ಫೌಂಡೇಶನ್ ಬಳಿದಾಗ ಕತ್ತು ಒಂದು ಬಣ್ಣ, ಮುಖ ಒಂದು ಬಣ್ಣವಾಗಿ, ಧಾರೆಯಲ್ಲಿ ಮುಂದೆ ಚಾಚಿದ ಕೈಗಳು ಮೂರನೆಯ ಬಣ್ಣವಾಗಿ ಕಾಣುತ್ತವೆ. ಫೌಂಡೇಶನ್ನಿನ ಬಣ್ಣವನ್ನು ಮುಂಗೈಯ ಮೇಲೆ ಹಚ್ಚಿ ಆರಿಸದೆ ದವಡೆಯ ಅಂಚಿನಲ್ಲಿ ಹಚ್ಚಿ ಹಗಲುಬೆಳಕಿನಲ್ಲಿ ನೋಡಿ ಆರಿಸುವುದು ಸರಿಯಾದ ಕ್ರಮ.

ಚರ್ಮದ ನಂತರದ ಎಣಿಕೆ ಬಟ್ಟೆಯದು. ರವಿಕೆಗೆ ಮಗ್ಗಂ ಕೆಲಸ ಮಾಡಿಸುವುದೆಂದರೆ ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು, ಕೊಕ್ಕೆಯಂಥ ಸೂಜಿಯಿಂದ ಜರಿದಾರ, ಮಣಿ, ಕುಂದಣಗಳನ್ನು ಕೈಯಲ್ಲೇ ಪೋಣಿಸುವುದು. ಮುಹೂರ್ತದ ಕಾಲದಲ್ಲಿ ಇದಕ್ಕೆ ತಿಂಗಳು ಹಿಡಿಯಬಹುದು, ಹೊಲಿಗೆ ಅದರ ಮೇಲಿನ ಮಾತು. ಅಳತೆಯನ್ನು ಬೇಗ ಕೊಟ್ಟರೂ ಕೊನೆಯ ಹೊಲಿಗೆಯನ್ನು ಹತ್ತು ದಿನ ಮೊದಲು ಮೈಮೇಲೆ ಹಾಕಿ ನೋಡಿಯೇ ಬಿಗಿಗೊಳಿಸಬೇಕು, ಏಕೆಂದರೆ ಓಡಾಟದಲ್ಲಿ ಮದುಮಗಳ ಮೈ ಇಳಿಯುವುದು ಸಾಮಾನ್ಯ. ಫಾಲ್ಸ್ ಹೊಲಿಸುವುದು, ಕುಚ್ಚು ಕಟ್ಟಿಸುವುದು, ಸೀರೆಯ ನೆರಿಗೆಗಳನ್ನು ಮೊದಲೇ ಮಡಿಸಿ ಇಸ್ತ್ರಿ ಮಾಡಿ ಪಿನ್ನು ಹಾಕಿಡಿಸುವುದು, ಇವು ಕೊನೆಯ ವಾರಕ್ಕೆ ಮುಂಚೆಯೇ ಮುಗಿಯಬೇಕು.

ಗೋರಂಟಿಗೆ ಎರಡು ದಿನ ಮೊದಲಿನ ಸಂಜೆ ಸರಿಯಾದ ಹೊತ್ತು. ಅದರ ಎಲೆಯಲ್ಲಿರುವ ಬಣ್ಣದ ಅಂಶ ಚರ್ಮದ ಕೆರಟಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು, ಮೊದಲು ಕಿತ್ತಳೆಯಾಗಿದ್ದು, ಒಂದೆರಡು ದಿನಗಳಲ್ಲಿ ಕಡುಗೆಂಪಾಗುತ್ತದೆ; ಅಂಗೈಯ ಚರ್ಮ ದಪ್ಪವಾದ್ದರಿಂದ ಅಲ್ಲಿ ಬಣ್ಣ ಗಾಢವಾಗಿ ಕೂರುತ್ತದೆ. ಗಂಟೆಯಲ್ಲೇ ಕಪ್ಪಾಗುವ ‘ಕಪ್ಪು ಮೆಹಂದಿ’ಯಲ್ಲಿ ಕೂದಲ ಬಣ್ಣಕ್ಕೆ ಬಳಸುವ ರಾಸಾಯನಿಕವನ್ನು ಬೆರೆಸಿರುವುದುಂಟು, ಅದು ಕೈಮೇಲೆ ಗುಳ್ಳೆ ಏಳಿಸಬಲ್ಲದು, ಅದನ್ನು ಯಾವ ಕಾರಣಕ್ಕೂ ಹಚ್ಚಿಸಬಾರದು. ಅರಿಶಿನದ ಶಾಸ್ತ್ರದಲ್ಲೂ ಬಣ್ಣದ ಗುಣವನ್ನು ಅರಿತಿರಬೇಕು. ಅರಿಶಿನದ ಹಳದಿ ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಕರಗುವುದರಿಂದ ಮೊದಲು ಕೊಬ್ಬರಿ ಎಣ್ಣೆ ಸವರಿ, ಆಮೇಲೆ ಕಡಲೆಹಿಟ್ಟಿನಿಂದ ತೊಳೆದರೆ ಅದು ಬಿಡುತ್ತದೆ. ಕ್ಷಾರ ತಾಗಿದರೆ ಅರಿಶಿನ ಕೆಂಪಿಗೆ ತಿರುಗುತ್ತದೆ, ಅರಿಶಿನಕ್ಕೆ ಸುಣ್ಣ ಬೆರೆಸಿ ಕುಂಕುಮ ಮಾಡುವುದರ ಗುಟ್ಟೂ ಇದೇ; ಆದ್ದರಿಂದಲೇ ಕಲೆ ಬಿದ್ದ ಬಟ್ಟೆಯನ್ನು ಸೋಪಿನಿಂದ ಉಜ್ಜಿದಾಗ ಕೆಂಪಾಗಿ ಹೆದರಿಸುತ್ತದೆ. ಬಣ್ಣ ಹೆಚ್ಚು ಹಿಡಿಯದ ಕಸ್ತೂರಿ ಅರಿಶಿನವನ್ನು ಮುಖಕ್ಕೆ ಬಳಸುವುದು ಹಿರಿಯರ ಕಾಲದಿಂದ ಬಂದ ಒಳ್ಳೆಯ ಪದ್ಧತಿ.

ಹಳೆ ಮೈಸೂರಿನ ಮದುಮಗಳಿಗೆ ಕಿರೀಟದಷ್ಟು ಮುಖ್ಯವಾದದ್ದು ಮೊಗ್ಗಿನ ಜಡೆ. ಬಾಳೆಪಟ್ಟೆಯ ಇಲ್ಲವೆ ರಟ್ಟಿನ ಉದ್ದನೆಯ ಪಟ್ಟಿಯ ಮೇಲೆ ಮಲ್ಲಿಗೆಯ ಬಿರಿಯದ ಮೊಗ್ಗುಗಳನ್ನು ಸಾಲುಸಾಲಾಗಿ ಹೊಲಿದು, ನಡುನಡುವೆ ಕನಕಾಂಬರದ ಕೇಸರಿ, ಮರುಗದ ಹಸಿರು ಸೇರಿಸಿ, ಚೌರಿ ಹಾಕಿ ಉದ್ದಮಾಡಿದ ಹೆಣಿಕೆಯ ಮೇಲೆ ಅದನ್ನು ಕಟ್ಟಿ, ತುದಿಗೆ ಕುಚ್ಚು ಇಳಿಬಿಡುತ್ತಾರೆ. ಸ್ಟುಡಿಯೋಗಳಲ್ಲಿ ಹೆಣ್ಣುಮಕ್ಕಳನ್ನು ಕನ್ನಡಿಗೆ ಬೆನ್ನು ಮಾಡಿ ನಿಲ್ಲಿಸಿ, ಮುಖವೂ ಜಡೆಯೂ ಒಟ್ಟಿಗೆ ಕಾಣುವಂತೆ ಫೋಟೊ ತೆಗೆಸುತ್ತಿದ್ದ ಮನೆಗಳಿಗೆ ಆ ಜಡೆಯ ಬೆಲೆ ಗೊತ್ತು. ಇದರ ಯೋಜನೆ ಹೂವಿನ ಸ್ವಭಾವವನ್ನು ಅರಿತು ನಡೆಯಬೇಕು. ಮಲ್ಲಿಗೆಯ ಮೊಗ್ಗು ಬೆಳಿಗ್ಗೆ ಕೊಯ್ದಾಗ ಮುಚ್ಚಿಕೊಂಡಿದ್ದು ಕತ್ತಲಾಗುವ ಹೊತ್ತಿಗೆ ಬಿರಿಯುತ್ತದೆ. ಸಂಜೆಯ ಆರತಕ್ಷತೆಗೆ ಕಟ್ಟಿದ ಜಡೆ ವೇದಿಕೆಯ ಮೇಲೆಯೇ ಅರಳಿ ಘಮಘಮಿಸುವುದು ಸೊಗಸು, ಆದರೆ ಅದೇ ಜಡೆಯನ್ನು ಬೆಳಗಿನ ಧಾರೆಗೆ ಉಳಿಸಿಕೊಳ್ಳಲಾಗದು. ಧಾರೆಯ ಜಡೆಗೆ ಬೇರೆ ಮೊಗ್ಗು ತರಿಸಿ, ಹೊಲಿದ ಪಟ್ಟಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂಪಿನಲ್ಲಿಟ್ಟು, ಕಟ್ಟುವ ಹೊತ್ತಿಗಷ್ಟೇ ಹೊರಗೆ ತೆಗೆಯಬೇಕು. ಚಳಿಗಾಲದ ಮದುವೆಗಳಲ್ಲಿ ಮಲ್ಲಿಗೆಯ ಇಳುವರಿ ಇಳಿದು ಬೆಲೆ ಏರುವುದರಿಂದ ಕಾಕಡ ಅಥವಾ ಸುಗಂಧರಾಜದ ಮೊಗ್ಗನ್ನು ಬಳಸುವುದಾಗಿ ಹೂವಾಡಿಗರೊಡನೆ ಮೊದಲೇ ಮಾತಾಡಿಕೊಂಡರೆ ಮನಸ್ತಾಪವಿರುವುದಿಲ್ಲ. ಇಷ್ಟು ಹೂವಿನ ಭಾರ ಕತ್ತಿನ ಮೇಲೆ ಬೀಳುವುದರಿಂದ ಪರೀಕ್ಷಾ ಸಿಂಗಾರದ ದಿನ ಚೌರಿ ಮತ್ತು ಜಡೆಬಿಲ್ಲೆಯನ್ನಾದರೂ ಹಾಕಿ ಒಂದು ಗಂಟೆ ಕೂತು ನೋಡಬೇಕು.

ಬೆಂಗಳೂರಿನ ಮದುವೆಗಳಲ್ಲಿ ಆರತಕ್ಷತೆಯನ್ನು ಹಿಂದಿನ ಸಂಜೆಯೇ ಇಟ್ಟುಕೊಳ್ಳುವ ರೂಢಿ ಬೆಳೆದಿರುವುದರಿಂದ ಒಂದು ರಾತ್ರಿಯ ಅಂತರದಲ್ಲಿ ಎರಡು ಪೂರ್ಣ ಸಿಂಗಾರಗಳು ಬೀಳುತ್ತವೆ. ಧಾರೆ ಬೆಳಿಗ್ಗೆ 9 ಗಂಟೆಗೆ ಎಂದುಕೊಂಡರೆ, ಅದಕ್ಕೆ ಮುಂಚಿನ ಗೌರೀಪೂಜೆಗೆ 8 ಗಂಟೆಗೆ ಕೂರಬೇಕು. ಸೀರೆ ಮತ್ತು ಒಡವೆಗೆ ಮುಕ್ಕಾಲು ಗಂಟೆ, ತಲೆ ಮತ್ತು ಜಡೆಗೆ ಮುಕ್ಕಾಲು ಗಂಟೆ, ಮುಖಕ್ಕೆ ಒಂದು ಗಂಟೆ, ಸ್ನಾನಕ್ಕೆ ಮತ್ತು ತಲೆ ಆರಲು ಒಂದು ಗಂಟೆ, ಕೈಯಲ್ಲಿ ಕಾಲು ಗಂಟೆ ಉಳಿಕೆ ಎಂದು ಹಿಂದಕ್ಕೆ ಎಣಿಸಿದರೆ ಗಡಿಯಾರ ನಾಲ್ಕೂಕಾಲಕ್ಕೆ ಬಂದು ನಿಲ್ಲುತ್ತದೆ. ಆರತಕ್ಷತೆಯ ಸಾಲು ರಾತ್ರಿ 10ರ ಮೇಲೂ ಕರಗದೆ, ಊಟ, ಹೂವು ಬಿಚ್ಚುವುದು, ಬಣ್ಣ ತೆಗೆಯುವುದು ಎಲ್ಲ ಮುಗಿಯುವಾಗ 12 ಹೊಡೆದಿದ್ದರೆ ಆ ಹುಡುಗಿಗೆ ಉಳಿಯುವ ನಿದ್ದೆ 4 ಗಂಟೆಯದು. ಊದಿದ ರೆಪ್ಪೆಯನ್ನು ಯಾವ ಕನ್ಸೀಲರೂ ಮುಚ್ಚಲಾರದು.

ಎಣ್ಣೆಶಾಸ್ತ್ರದ ಪ್ರಶ್ನೆಯೂ ಇಲ್ಲೇ ಬರುತ್ತದೆ. ಬೆಳಗಿನ ಜಾವ ತಲೆಗೆ ಪೂರ್ತಿ ಎಣ್ಣೆಯೊತ್ತಿ ಸೀಗೆಕಾಯಿ ಹಾಕಿದರೆ ದಟ್ಟ ಕೂದಲು ಒಂದು ಗಂಟೆಯಲ್ಲಿ ಆರುವುದಿಲ್ಲ, ಒದ್ದೆ ಕೂದಲಿಗೆ ಚೌರಿ ನಿಲ್ಲುವುದಿಲ್ಲ. ಅದರ ಮೇಲೆ ಛತ್ರದ ನಲ್ಲಿಯಲ್ಲಿ ಕೊಳವೆಬಾವಿಯ ಗಡಸು ನೀರಿದ್ದರೆ ಕೂದಲು ಒರಟಾಗುತ್ತದೆ. ಹಿಂದಿನ ದಿನ ಬೆಳಿಗ್ಗೆ ಮನೆಯಲ್ಲೇ ಅಭ್ಯಂಜನ ಮುಗಿಸಿ, ಮದುವೆಯ ದಿನ ಮುತ್ತೈದೆಯರು ಗರಿಕೆಯಲ್ಲಿ ಎಣ್ಣೆ ಅದ್ದಿ ನೆತ್ತಿಗೆ ಮುಟ್ಟಿಸಿ ಹರಸುವಂತೆ ಮಾಡಿಕೊಂಡರೆ ಶಾಸ್ತ್ರವೂ ನಡೆಯುತ್ತದೆ, ಜಡೆಯೂ ನಿಲ್ಲುತ್ತದೆ.

ಧಾರೆಯ ಮುಖಸಿಂಗಾರವನ್ನು ಕಲಾವಿದೆ ಕಟ್ಟಬೇಕಾದದ್ದು ಮಂಟಪದಲ್ಲಿ ನಡೆಯುವ ಕ್ರಿಯೆಗಳನ್ನು ತಿಳಿದುಕೊಂಡು. ಬಾಸಿಂಗದ ದಾರ ಹಣೆಯನ್ನು ಒತ್ತುತ್ತದೆ, ಅಂತರಪಟ ಸರಿದೊಡನೆ ವರನು ಜೀರಿಗೆ ಬೆಲ್ಲವನ್ನು ನೆತ್ತಿಯ ಮೇಲಿಡುತ್ತಾನೆ, ಅಕ್ಷತೆ ಮಳೆಯಂತೆ ಬೀಳುತ್ತದೆ, ಲಾಜಹೋಮದ ಹೊಗೆಗೆ ಕಣ್ಣು ನೀರಾಡುತ್ತದೆ, ಮುತ್ತೈದೆಯರು ಒಬ್ಬೊಬ್ಬರಾಗಿ ಕೆನ್ನೆಗೆ ಅರಿಶಿನ, ಹಣೆಗೆ ಕುಂಕುಮ ಹಚ್ಚುತ್ತಾರೆ, ಮಗಳನ್ನು ಧಾರೆಯೆರೆಯುವ ಗಳಿಗೆಯಲ್ಲಿ ತಾಯಿಯೂ ಮಗಳೂ ಅಳುತ್ತಾರೆ. ನೀರಿಗೆ ಕರಗದ ಕಾಡಿಗೆ, ತೆಳುವಾದ ಪದರಗಳು, ಬೈತಲೆಯ ಬಳಿ ಜೀರಿಗೆ ಬೆಲ್ಲಕ್ಕೆ ಬಿಟ್ಟ ಜಾಗ, ಇವು ಈ ಮಂಟಪಕ್ಕೆ ಹೊಂದುವ ಸಿಂಗಾರ. ಜಿಂಕ್ ಅಥವಾ ಟೈಟಾನಿಯಂ ಆಕ್ಸೈಡ್ ಹೆಚ್ಚಿರುವ ಸನ್‌ಸ್ಕ್ರೀನನ್ನು ಮೇಕಪ್ಪಿನ ಕೆಳಗೆ ದಪ್ಪವಾಗಿ ಬಳಿದರೆ ಕ್ಯಾಮೆರಾದ ಫ್ಲ್ಯಾಶಿಗೆ ಮುಖ ಬೂದಿ ಬಳಿದಂತೆ ಕಾಣುವುದರಿಂದ, ಟ್ರಯಲ್ ದಿನ ಫ್ಲ್ಯಾಶ್ ಹಾಕಿ ಒಂದು ಫೋಟೊ ತೆಗೆದು ನೋಡುವುದು ಮರೆಯಬಾರದ ಕೆಲಸ.

ಇಷ್ಟೆಲ್ಲ ಎಣಿಕೆಯ ಗುರಿ ಒಂದೇ: ಅಂತರಪಟ ಸರಿದಾಗ ಕಾಣುವುದು ಆ ಹುಡುಗಿಯದೇ ಮುಖವಾಗಿರಬೇಕು, ಅದು ದಣಿವಿಲ್ಲದೆ ಇರಬೇಕು. ಅದಕ್ಕೆ ಬೇಕಾದ ಅತ್ಯುತ್ತಮ ಸಾಧನವನ್ನು ಯಾವ ಅಂಗಡಿಯೂ ಮಾರುವುದಿಲ್ಲ, ಮನೆಯವರು ಮಾತ್ರ ಕೊಡಬಲ್ಲರು. ಮದುವೆಯ ಮನೆಯ ಹಿರಿಯರಲ್ಲಿ ಮನವಿ ಇಷ್ಟೇ: ಆರತಕ್ಷತೆಯ ವೇಳೆಯನ್ನು ಅಚ್ಚಿಗೆ ಕೊಡುವ ಮೊದಲೇ ಅದನ್ನು ಒಂದು ಗಂಟೆ ಹಿಂದಕ್ಕೆ ತನ್ನಿ, ರಾತ್ರಿ ಒಂಬತ್ತೂವರೆಗೆ ಮಗಳನ್ನು ವೇದಿಕೆಯಿಂದ ಇಳಿಸಿ ಊಟಕ್ಕೆ ಕೂರಿಸಿ, ಹತ್ತೂವರೆಗೆ ಅವಳ ಕೋಣೆಯ ದೀಪ ಆರಿಸಿ.